ನೆಲವೇ ಡೊಂಕಾದಾಗ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕಟ್ಟಿದವರು ಪೂಲ್ ಆಡಿರಲಿಕ್ಕಿಲ್ಲ. ಬಟ್ಟೆ ಹೊದಿಸಿದ ಟೇಬಲ್ ಮೇಲೆ ಕೋಲಿನಿಂದ ಚೆಂಡು ಹೊಡೆದು ಅಂಚಿನ ತೂತಿಗೆ, ಅಂದರೆ ಪಾಕೆಟ್ಟಿಗೆ, ಬೀಳಿಸುವ ಆಟ ಅದು. ಪೂಲ್‌ನಲ್ಲಿ ಎಷ್ಟೋ ಸಲ ನೆಲ ನಿಜಕ್ಕೂ ಡೊಂಕಾಗಿರುತ್ತದೆ. ಮೆಲ್ಲಗೆ ತಳ್ಳಿದ ಚೆಂಡು ನೆಟ್ಟಗೇ ಹೋಗುತ್ತದೆ. ಪಾಕೆಟ್ಟಿಗೆ ಇನ್ನು ನಾಲ್ಕು ಬೆರಳು ಇದೆ ಅನ್ನುವಾಗ, ಮನೆಯಲ್ಲಿ ಗ್ಯಾಸ್ ಆರಿಸಿದ್ದು ಅನುಮಾನವಾದವರ ಹಾಗೆ ಪಕ್ಕಕ್ಕೆ ತಿರುಗಿಬಿಡುತ್ತದೆ. ಜೋರಾಗಿ ಹೊಡೆದರೆ ಈ ಡೊಂಕು ಕಾಣುವುದಿಲ್ಲ. ನಮ್ಮ ಹುಡುಗರು ಎಲ್ಲವನ್ನೂ ಜೋರಾಗೇ ಹೊಡೆಯುವುದು ಅದಕ್ಕೇ ಇರಬೇಕು.

ಪೂಲ್‌ನ ಅಣ್ಣತಮ್ಮಂದಿರಾದ ಬಿಲಿಯರ್ಡ್ಸ್, ಸ್ನೂಕರ್‌ಗಳಲ್ಲಿ ವಿಶ್ವ ಚಾಂಪಿಯನ್ ಆದ ಪಂಕಜ್ ಅಡ್ವಾಣಿಯ ಊರು ಬೆಂಗಳೂರು. ಇಲ್ಲಿ ಪೂಲ್ ಪಾರ್ಲರುಗಳಿಗೆ ಬರವಿಲ್ಲ. ನನಗೆ ಮಾತ್ರ ಅಲ್ಲಿ ಆಟಕ್ಕಿಂತ ರಿಪೇರಿ ನೋಡುವುದೇ ಇಷ್ಟ. ಬಟ್ಟೆ ಕಿತ್ತರೆ ಕೆಳಗೆ ಮರದ ಹಲಗೆ ಇರುತ್ತದೆ ಅಂದುಕೊಂಡಿರುತ್ತೇವೆ, ಅಲ್ವಾ? ಒಳ್ಳೆ ಟೇಬಲ್ಲಾದರೆ ಕಲ್ಲು ಇರುತ್ತದೆ. ಬಳಪ ಹಿಡಿದು ಅ, ಆ ತಿದ್ದಿದ ಸ್ಲೇಟಿನ ಜಾತಿಯದೇ ಕಲ್ಲು. ಮರ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಸೊಟ್ಟಗಾಗುತ್ತದೆ ಅಂತ ಲಂಡನ್ನಿನ ಟೇಬಲ್ ತಯಾರಕ ಜಾನ್ ಥರ್ಸ್ಟನ್ 1826ರ ಹೊತ್ತಿಗೇ ಕಲ್ಲಿಗೆ ಕೈ ಹಾಕಿದ್ದ. ಈಗ ಪೂಲ್ ಟೇಬಲ್ಲಿಗೆ ಸಾಮಾನ್ಯವಾಗಿ ಒಂದು ಇಂಚು ದಪ್ಪದ ಮೂರು ತುಂಡು. 12 ಅಡಿಯ ಸ್ನೂಕರ್ ಟೇಬಲ್ಲಿಗೆ ಐದು.

ಕಷ್ಟ ಇರುವುದು ಈ ತುಂಡುಗಳನ್ನು ಕೂಡಿಸುವುದರಲ್ಲಿ. ಮೇಸ್ತ್ರಿ ರಸಮಟ್ಟ ಇಟ್ಟು ಮೊದಲು ಚೌಕಟ್ಟು ನೋಡುತ್ತಾರೆ, ಆಮೇಲೆ ಕಲ್ಲು. ಗುಳ್ಳೆ ನಡುವಿಗೆ ಬರುವವರೆಗೆ ಕಲ್ಲಿನಡಿ ತೆಳ್ಳನೆ ಮರದ ಸೀಳು ತೂರಿಸುತ್ತಲೇ ಇರುತ್ತಾರೆ. ಕಣ್ಣು ಮುಚ್ಚಿ ಸಂದಿನ ಮೇಲೆ ಉಗುರು ಎಳೆಯುತ್ತಾರೆ. ಉಗುರು ತಡೆಯಿತೋ, ಮತ್ತೆ ಮೊದಲಿನಿಂದ. ಸರಿ ಅನಿಸಿದ ಮೇಲೆ ಜೇನುಮೇಣ ಕರಗಿಸಿ ಸಂದಿಗೆ ತುಂಬಿ, ಆರಿದ ಮೇಲೆ ಬ್ಲೇಡಿನಲ್ಲಿ ಹೆರೆಯುತ್ತಾರೆ.

“ಅಣ್ಣಾ, ಸಾಕು ಬಿಡಿ. ಸಂಜೆ ಗಿರಾಕಿ ಬರ್ತಾರೆ” ಅಂತ ಪಾರ್ಲರಿನವನು ಚಡಪಡಿಸುತ್ತಿದ್ದ.

“ಬರ್ಲಿ. ನಾಳೆ ಬೈಸ್ಕೊಳೋನು ನಾನು ತಾನೇ” ಅಂದರು ಮೇಸ್ತ್ರಿ, ತಲೆ ಎತ್ತದೆ.

ಟೇಬಲ್ಲಿನ ಸುತ್ತ ಇರುವ ರಬ್ಬರ್ ಅಂಚು, ಅಂದರೆ ಕುಶನ್ನಿನ ಕಥೆಯೇ ಬೇರೆ. ರಬ್ಬರ್ ಹಳೆಯದಾಗಿ ಗಟ್ಟಿಯಾದರೆ ಚೆಂಡು ‘ಠಣ್’ ಅಂತ ವಾಪಸ್ ಬರುವ ಬದಲು ‘ಧಪ್’ ಅಂತ ನಿಲ್ಲುತ್ತದೆ. ಅದರ ಮೂಗು ಚೆಂಡಿನ ನಡುಮಟ್ಟಕ್ಕಿಂತ ಸ್ವಲ್ಪ ಮೇಲಿರಬೇಕು. ಎರಡೂಕಾಲು ಇಂಚಿನ ಚೆಂಡಿಗೆ ಮೂಗಿನ ಎತ್ತರ ಸುಮಾರು 36 ಮಿಲಿಮೀಟರ್. ಕೆಳಗಿದ್ದರೆ ಚೆಂಡು ಹಾರುತ್ತದೆ, ತೀರಾ ಮೇಲಿದ್ದರೆ ಅಡಿಗೆ ಸಿಕ್ಕಿಕೊಳ್ಳುತ್ತದೆ.

ಬಟ್ಟೆಯನ್ನು ಬಿಗಿಯಾಗಿ ಎಳೆದು ಹೊದಿಸುವುದು ಇಬ್ಬರ ಕೆಲಸ. ಸಡಿಲ ಬಿಟ್ಟರೆ ಸುಕ್ಕು, ಚೆಂಡಿಗೆ ಸೋಮಾರಿತನ. ಉಣ್ಣೆ ಜಾಸ್ತಿ ಇರುವುದರಿಂದ ಮಳೆಗಾಲದಲ್ಲಿ ತೇವ ಹೀರಿ ಇನ್ನೂ ನಿಧಾನವಾಗುತ್ತದೆ. ಸ್ನೂಕರ್ ಬಟ್ಟೆಗಂತೂ ನವಿರು, ಅಂದರೆ ಒಂದೇ ಕಡೆಗೆ ಮಲಗಿದ ಸಣ್ಣ ರೋಮ ಇರುತ್ತದೆ. ಬ್ರಷ್ ಆಗಲಿ ಇಸ್ತ್ರಿ ಆಗಲಿ ಅದು ಮಲಗಿರುವ ಕಡೆಗೇ ಹೋಗಬೇಕು. ಟೇಬಲ್ ನೋಡಿಕೊಂಡು ಸ್ಕೋರ್ ಬರೆಯುವ ಕ್ಲಬ್ಬಿನ ಹಳೇ ಮಾರ್ಕರುಗಳು ಈ ಕೆಲಸವನ್ನು ಯಾರ ಕೈಗೂ ಕೊಡುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನಾವು ಬರುತ್ತೇವೆ, ಕೈಯಲ್ಲಿ ಕ್ಯೂ ಅನ್ನುವ ಆಟದ ಕೋಲು, ಅದರ ತುದಿಗೆ ಉಜ್ಜುವ ಚಾಕ್ ಹಿಡಿದು. ಆ ನೀಲಿ ಗಟ್ಟಿ ಶಾಲೆಯ ಸೀಮೆಸುಣ್ಣ ಅಲ್ಲ. ವಿಲಿಯಂ ಸ್ಪಿಂಕ್ಸ್ ಅನ್ನುವ ಅಮೆರಿಕದ ಆಟಗಾರ, ಹಾಸ್ಕಿನ್ಸ್ ಅನ್ನುವ ರಸಾಯನ ತಜ್ಞ ಸೇರಿ 1897ರಲ್ಲಿ ಪೇಟೆಂಟ್ ಮಾಡಿಸಿದ್ದು. ಅದರಲ್ಲಿರುವುದು ಸಿಲಿಕಾ, ಅಲ್ಯೂಮಿನಿಯಂ ಆಕ್ಸೈಡ್. ಉಜ್ಜುಕಾಗದದ ಸಂಬಂಧಿಕರೇ ಎಲ್ಲ. ಪುಡಿ ಬಟ್ಟೆಯೊಳಗೆ ಇಳಿದರೆ ಎಳೆ ಸವೆಯುತ್ತದೆ. ಆದರೂ ನಾವು ಟೇಬಲ್ ಮೇಲೆಯೇ ಕ್ಯೂಗೆ ಚಾಕ್ ಉಜ್ಜಿ, ಊದಿ, ಬೋರಲು ಹಾಕಿ ಇಡುತ್ತೇವೆ.

ಕುಶನ್ ಮೇಲೆ ಕೂತರಂತೂ ಬೋಲ್ಟು ಸಡಿಲಾಗುತ್ತದೆ. ‘ಟೇಬಲ್ ಮೇಲೆ ಕೂರಬೇಡಿ’ ಅಂತ ಗೋಡೆಗೆ ಬೋರ್ಡೇನೋ ಹಾಕಿರುತ್ತಾರೆ. ಆದರೆ ಎಷ್ಟು ಎತ್ತರದಲ್ಲಿ, ಎಷ್ಟು ಸಣ್ಣ ಅಕ್ಷರದಲ್ಲಿ ಅಂದರೆ, ಅದನ್ನು ಓದುವುದಕ್ಕೆ ಟೇಬಲ್ ಹತ್ತಿ ಕೂರುವುದೇ ಅನುಕೂಲ.