ಆಟಿಯ ಮಳೆಯಲ್ಲಿ ಇದನ್ನೆಲ್ಲ ಒಗೆಯುವವರು ಯಾರು?

ಬಾಣಂತಿ ನೋಡಲು ಹೋಗುವವರ ಕೈಯಲ್ಲಿ ಈಗೀಗ ಒಂದು ಪೆಟ್ಟಿಗೆ ಇರುತ್ತದೆ. ಮೇಲೆ ಹಸಿರು ಎಲೆಯ ಚಿತ್ರ, 'ಪರಿಸರಸ್ನೇಹಿ' ಅಂತ ಬರಹ. ಒಳಗೆ ಬಟ್ಟೆ ಡೈಪರ್, ಬಿದಿರಿನ ಬ್ರಶ್, ಮರದ ಗಿಲಕಿ, ತಾಯಿಗೆ ತೊಳೆದು ಬಳಸುವ ಪ್ಯಾಡ್. ಕೊಡುವವರ ಮನಸ್ಸು ಒಳ್ಳೆಯದು. ವಸ್ತುಗಳೂ ಹೆಚ್ಚಿನವು ಒಳ್ಳೆಯವೇ. ಆದರೆ ಉಡುಪಿಯಲ್ಲಿ ಇದ್ದುಕೊಂಡು ಅದನ್ನು ನೋಡುವಾಗ ನನಗೆ ಮೊದಲು ಬರುವ ಪ್ರಶ್ನೆ ಬೇರೆ. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ ಇದನ್ನೆಲ್ಲ ಒಗೆದು ಒಣಗಿಸುವವರು ಯಾರು?

ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ ಬೀಳುವ ಕರಾವಳಿ ನಮ್ಮದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ದೊಡ್ಡವರ ಪ್ಯಾಂಟೇ ಒಣಗದೆ ಮುಗ್ಗಲು ವಾಸನೆ ಬರುವ ದಿನಗಳು ಅವು. ನನ್ನ ಮಗಳು ಹುಟ್ಟಿದ್ದೂ ಅದೇ ಆಟಿಯಲ್ಲಿ. ಹಾಗಾಗಿ ಬಟ್ಟೆ ಡೈಪರ್ ಬಗ್ಗೆ ನಾನು ಹೇಳುವುದೆಲ್ಲ ಮಳೆಗಾಲದ ಲೆಕ್ಕದಲ್ಲೇ.

ಅಂಗಡಿಯಲ್ಲಿ ಸಿಗುವ ಬಟ್ಟೆ ಡೈಪರ್‌ಗೆ ಸಾಮಾನ್ಯವಾಗಿ ಎರಡು ಭಾಗ. ಹೊರಗಿನ ಕವರ್ ಪಾಲಿಯೆಸ್ಟರ್‌ನದ್ದು, ನೀರು ಹೊರಗೆ ಬರದ ಹಾಗೆ ತೆಳು ಪದರ ಅಂಟಿಸಿರುತ್ತಾರೆ. ಒಳಗೆ ಇಡುವುದು ಇನ್ಸರ್ಟ್, ಹಲವು ಪದರ ಸೇರಿಸಿ ಹೊಲಿದ ದಪ್ಪ ಬಟ್ಟೆ. ಜಾಹೀರಾತಿನಲ್ಲಿ ಜಾಸ್ತಿ ಹೊಗಳುವುದು ಈ ದಪ್ಪ ಇನ್ಸರ್ಟನ್ನೇ, ತುಂಬ ಹೀರುತ್ತದೆ ಅಂತ. ಹೀರುವುದು ನಿಜ. ಆದರೆ ಹೀರಿದ್ದನ್ನು ಬಿಡುವುದೂ ನಿಧಾನ. ಮುಟ್ಟಿದರೆ ಮೇಲೆ ಒಣಗಿದಂತೆ ಕಾಣುತ್ತದೆ, ಹೊಲಿಗೆ ಇರುವ ಅಂಚನ್ನು ಹಿಂಡಿ ನೋಡಿದರೆ ಇನ್ನೂ ತಣ್ಣಗೆ. ಆ ತಂಪನ್ನು ಮಗುವಿಗೆ ಕಟ್ಟಿದರೆ ಚರ್ಮ ಕೆಂಪಾಗುತ್ತದೆ. ನಮ್ಮ ಊರಿಗೆ ಸರಿಹೋಗುವುದು ಒಂದೇ ಪದರದ ದೊಡ್ಡ ಹತ್ತಿ ಚೌಕ. ಮಡಚಿದಾಗ ದಪ್ಪ, ಬಿಡಿಸಿ ಹಾಕಿದರೆ ತೆಳು. ರಾತ್ರಿ ಫ್ಯಾನ್ ಅಡಿಯಲ್ಲಿ ಹರಡಿದರೆ ಬೆಳಿಗ್ಗೆಗೆ ಕಟ್ಟಲು ಸಿಗುತ್ತದೆ. ಅದಕ್ಕೆ ಹಣ ಕೊಡಬೇಕೆಂದೂ ಇಲ್ಲ. ಹಲವು ಸಲ ಒಗೆದು ಮೆತ್ತಗಾದ ಕಾಟನ್ ಸೀರೆ, ಹಳೆ ಬೈರಾಸು, ಅಜ್ಜನ ಮುಂಡು ಇದ್ದರೆ ಸಾಕು. ಮೇಲೆ ಕಟ್ಟಲು ಒಳ್ಳೆಯ ಕವರ್ ಮಾತ್ರ ಕೆಲವು ತೆಗೆದುಕೊಳ್ಳಿ. ಅದು ಬೇಗ ಒಣಗುತ್ತದೆ.

ಅಮ್ಮನ ಕಾಲದಲ್ಲಿ ಬಿಸಿನೀರಿನ ಒಲೆಯ ಮೇಲೆ ಹಗ್ಗ ಕಟ್ಟಿ ಮಗುವಿನ ಬಟ್ಟೆ ಹಾಕುತ್ತಿದ್ದರು. ಹೇಗೂ ಬಾಣಂತಿಗೆ ಮೀಯಿಸಲು ಹಂಡೆ ತುಂಬ ನೀರು ಕಾಯಬೇಕಿತ್ತು, ಅದೇ ಬೆಂಕಿಗೆ ಬಟ್ಟೆಯೂ ಒಣಗುತ್ತಿತ್ತು. ಸ್ವಲ್ಪ ಹೊಗೆ ವಾಸನೆ, ಅಷ್ಟೇ. ಈಗ ಗೀಸರ್ ಬಂದಿದೆ, ಒಲೆ ಹೋಗಿದೆ. ಒಣಗಿಸುವ ಜಾಗಕ್ಕೆ ಬದಲಿ ಏನು ಅಂತ ಮಾತ್ರ ಯಾರೂ ಯೋಚಿಸಿಲ್ಲ.

ಡ್ರೈಯರ್ ಇದೆಯಲ್ಲ ಅನ್ನಬಹುದು. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಇದನ್ನೇ ಲೆಕ್ಕ ಹಾಕಿ ನೋಡಿತ್ತು. ಬಟ್ಟೆ ಡೈಪರ್‌ನಿಂದ ಪರಿಸರಕ್ಕೆ ಎಷ್ಟು ಲಾಭ ಎಂಬುದು ಅದನ್ನು ಹೇಗೆ ಒಗೆಯುತ್ತೀರಿ ಎನ್ನುವುದರ ಮೇಲೆ ನಿಂತಿದೆ ಅಂತ ಆ ಅಧ್ಯಯನ ಹೇಳಿತು. ಪ್ರತಿ ಸಲ ಕುದಿಯುವಷ್ಟು ಬಿಸಿನೀರಿನಲ್ಲಿ ಒಗೆದು ಡ್ರೈಯರ್‌ಗೆ ಹಾಕಿದರೆ ಲಾಭ ಕರಗಿಹೋಗುತ್ತದೆ. ಮೆಷಿನ್ ತುಂಬಿದ ಮೇಲೆ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಅದನ್ನೇ ಬಳಸಿದರೆ ಲಾಭ ಜಾಸ್ತಿ. ಅಂದರೆ ಡೈಪರ್ ಪರಿಸರಸ್ನೇಹಿ ಆಗುವುದು ಫ್ಯಾಕ್ಟರಿಯಲ್ಲಿ ಅಲ್ಲ, ನಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ.

ಆ ಕಲ್ಲಿನ ಹತ್ತಿರ ನಿಂತಿರುವುದು ಯಾರು? ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಹೊಲಿಗೆ ಬಿಚ್ಚಿ ಇನ್ನೂ ನೋವು ಆರದ ಹೆಂಗಸು, ರಾತ್ರಿ ನಿದ್ದೆ ಇಲ್ಲ, ಎರಡೆರಡು ಗಂಟೆಗೆ ಹಾಲು ಕುಡಿಸಬೇಕು. ಅವಳ ತಲೆಗೇ ಭೂಮಿ ಉಳಿಸುವ ಕೆಲಸವನ್ನೂ ಕಟ್ಟುತ್ತೇವೆ. ಒಳ್ಳೆಯ ಹೆಸರು ಮನೆಗೆ, ದುಡಿಮೆ ಅವಳೊಬ್ಬಳದ್ದು. ನಮ್ಮ ಮನೆಯಲ್ಲಿ ಮಗುವಿನ ಬಟ್ಟೆ ಒಗೆಯುವುದು ಮೊದಲ ದಿನದಿಂದ ನನ್ನ ಗಂಡನ ಕೆಲಸ. ಪಕ್ಕದ ಮನೆಯವರು ನೋಡಿ, "ಗಂಡಸರ ಹತ್ರ ಇದನ್ನೆಲ್ಲ ಮಾಡಿಸ್ತಾರಾ ಮಾರಾಯ್ತಿ?" ಅಂದರು. ನಾನು ಬಾಯಿ ಬಿಡುವ ಮೊದಲೇ ಅತ್ತೆ ಹೇಳಿದರು: "ಮಗು ಅವನದ್ದೂ ಅಲ್ವಾ?" ಆ ಒಂದು ಮಾತಿಗೆ ನಾನು ಅತ್ತೆಗೆ ಯಾವತ್ತೂ ಋಣಿ.

ಹಾಗಂತ ಎಲ್ಲರ ಮನೆಯಲ್ಲೂ ಇದು ಆಗುತ್ತದೆ ಅಂತ ನಾನು ಹೇಳುವುದಿಲ್ಲ. ನನ್ನ ತಂಗಿ ಇರುವುದು ಮಂಗಳೂರಿನ ಬಿಜೈಯಲ್ಲಿ, ಫ್ಲ್ಯಾಟ್‌ನಲ್ಲಿ. ಬಾಲ್ಕನಿಗೆ ಮಳೆ ಹೊಡೆಯುತ್ತದೆ, ರಜೆ ಮುಗಿದು ಕೆಲಸಕ್ಕೆ ಹೋಗುತ್ತಾಳೆ. ಅವಳು ಹಗಲು ಬಟ್ಟೆ ಕಟ್ಟುತ್ತಾಳೆ, ರಾತ್ರಿ ಬಿಸಾಡುವ ಡೈಪರ್. ಅವಳನ್ನು ಯಾರಾದರೂ ಒಂದು ಮಾತು ಅಂದರೆ ನಾನು ಸುಮ್ನೆ ಇರುವುದಿಲ್ಲ. ಹಗಲಿನದ್ದು ಉಳಿಯಿತಲ್ಲ, ಅದೇ ದೊಡ್ಡದು. ಮಗುವನ್ನು ಒರೆಸಲು ಪ್ಯಾಕೆಟ್ಟಿನ ವೈಪ್ಸ್ ಬಿಟ್ಟು ಬಿಸಿನೀರು, ಹಳೆ ಬಟ್ಟೆಯ ತುಂಡು ಬಳಸುತ್ತಾಳೆ. ಆ ವೈಪ್ಸ್‌ಗಳಲ್ಲೂ ಬಹಳಷ್ಟಕ್ಕೆ ಪಾಲಿಯೆಸ್ಟರ್ ಸೇರಿಸಿರುತ್ತಾರೆ. ನೋಡಲು ಬಟ್ಟೆ, ಮಣ್ಣಿಗೆ ಹೋದರೆ ಪ್ಲಾಸ್ಟಿಕ್.

ಆದರೆ ಬಿಸಾಡುವ ಡೈಪರ್ ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ನಾವು ಕಣ್ಣು ಬಿಟ್ಟು ನೋಡಲೇಬೇಕು. ಅದರ ಹೊರಪದರ ಪ್ಲಾಸ್ಟಿಕ್, ಒಳಗೆ ನೀರು ಹೀರಿ ಉಬ್ಬುವ ಪಾಲಿಮರ್ ಪುಡಿ. ಹಿತ್ತಲಲ್ಲಿ ಸುಡಲು ಹೋದರೆ ಹೊರಪದರ ಕರಗಿ ಕಪ್ಪು ಹೊಗೆ ಬರುತ್ತದೆ, ಒಳಗಿನದ್ದು ಉರಿಯುವುದೇ ಇಲ್ಲ. ತೋಡಿಗೆ ಎಸೆದರೆ ಮಳೆನೀರು ಕುಡಿದು ತಲೆದಿಂಬಿನ ಹಾಗೆ ಊದಿಕೊಳ್ಳುತ್ತದೆ. ಆಮೇಲೆ ಒಡೆದು ಒಳಗಿನ ಜೆಲ್ಲಿ ಹುಲ್ಲಿನ ಮೇಲೆಲ್ಲ ಹರಡುತ್ತದೆ. ತೋಡಿನ ನೀರು ಹೊಳೆಗೆ, ಹೊಳೆಯದ್ದು ಸಮುದ್ರಕ್ಕೆ. ಮಲ್ಪೆಯಲ್ಲಿ ಬಲೆ ಎಳೆಯುವವರನ್ನು ಕೇಳಿ, ಮೀನಿನ ಜೊತೆ ಏನೆಲ್ಲ ಬರುತ್ತದೆ ಅಂತ ಹೇಳುತ್ತಾರೆ.

2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯಲ್ಲಿ ಆದದ್ದು ನೆನಪಿದೆ ಅಲ್ವಾ? ಮಂಗಳೂರಿನ ಕಸದ ಗುಡ್ಡ ಮಳೆಗೆ ಜಾರಿ ಕೆಳಗಿದ್ದ ಮಂದಾರ ಎಂಬ ಊರಿನ ಕಡೆಗೆ ಇಳಿಯಿತು. ತೆಂಗು, ಅಡಿಕೆ ತೋಟಗಳು ಕಸದಡಿ ಮುಚ್ಚಿಹೋದವು. ಹುಟ್ಟಿ ಬೆಳೆದ ಮನೆ ಬಿಟ್ಟು ಕುಟುಂಬಗಳು ಹೋಗಬೇಕಾಯಿತು. ಆ ಗುಡ್ಡದಲ್ಲಿ ನಮ್ಮೆಲ್ಲರ ಮನೆಯ ಕಸ ಇತ್ತು. ಅಲ್ಲಿನ ತಾಯಂದಿರಿಗೂ ಮಕ್ಕಳಿದ್ದರು.

ಹಳ್ಳಿಗಳಲ್ಲಿ ಈಗ ಕಸ ಒಯ್ಯಲು ಸ್ವಚ್ಛ ವಾಹಿನಿ ಗಾಡಿ ಬರುತ್ತದೆ. ಎಷ್ಟೋ ಕಡೆ ಅದನ್ನು ಓಡಿಸುವವರು ಸಂಜೀವಿನಿ ಸಂಘದ ಹೆಂಗಸರು. ಕಾರ್ಕಳದ ನಿಟ್ಟೆಯಲ್ಲಿ ಒಣ ಕಸ ವಿಂಗಡಿಸುವ ದೊಡ್ಡ ಘಟಕವೇ ಇದೆ. ಹಾಲಿನ ಪ್ಯಾಕೆಟ್, ಬಾಟಲಿ, ರಟ್ಟು ಎಲ್ಲ ಅಲ್ಲಿ ಬೇರೆ ಬೇರೆಯಾಗಿ ಮರುಬಳಕೆಗೆ ಹೋಗುತ್ತವೆ. ಆ ರಾಶಿಯಲ್ಲಿ ಬಳಸಿದ ಡೈಪರ್ ಬಂದರೆ ಅದನ್ನು ಕೈಯಲ್ಲಿ ಎತ್ತಿ ತೆಗೆಯುವವರು ಇನ್ನೊಬ್ಬರು. 2016ರ ಘನತ್ಯಾಜ್ಯ ನಿಯಮದಲ್ಲೇ ಡೈಪರ್, ಪ್ಯಾಡ್‌ಗಳನ್ನು ಸರಿಯಾಗಿ ಸುತ್ತಿ ಕೊಡಬೇಕು, ಅದಕ್ಕೆ ಬೇಕಾದ ಚೀಲವನ್ನು ಕಂಪನಿಗಳೇ ಕೊಡಬೇಕು ಅಂತ ಇತ್ತು. ಚೀಲ ಸಿಗದಿದ್ದರೆ ಪೇಪರ್ ಸಾಕು. ಮಲವನ್ನು ಕಕ್ಕಸಿಗೆ ಹಾಕಿ, ಡೈಪರನ್ನು ಸುರುಳಿ ಸುತ್ತಿ, ಪೇಪರ್‌ನಲ್ಲಿ ಕಟ್ಟಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಬೇರೆಯಾಗಿ ಕೊಡಿ. ಇಷ್ಟು ಮಾಡಲು ಒಂದು ನಿಮಿಷವೂ ಬೇಡ.

ಇನ್ನು ಲೇಬಲ್ ವಿಷಯ. ಹಸಿರು ಬಣ್ಣದ ಡಬ್ಬ ಕಂಡ ಕೂಡಲೇ ನಂಬಬೇಡಿ. ಬಿದಿರಿನ ಬ್ರಶ್‌ನಲ್ಲಿ ಹಿಡಿ ಬಿದಿರು, ಎಳೆಗಳು ಹೆಚ್ಚಾಗಿ ನೈಲಾನ್. 'ಬಿದಿರಿನ ಬಟ್ಟೆ' ಅಂತ ಮಾರುವುದು ಬಹುಪಾಲು ರೇಯಾನ್, ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ ಮಾಡಿದ ನೂಲು. 'ಕಂಪೋಸ್ಟೆಬಲ್' ಚೀಲಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಘಟಕದ ಬಿಸಿ ಬೇಕು, ನಮ್ಮ ಬಾಳೆ ಬುಡದ ಗುಂಡಿಯಲ್ಲಿ ಅವು ಹಾಗೇ ಉಳಿಯುತ್ತವೆ. ಸುಮ್ನೆ 'ಹಸಿರು', 'ಸಹಜ' ಅಂತ ಬರೆದು ಮಾರುವ ಹಾಗಿಲ್ಲ, ಆಧಾರ ತೋರಿಸಬೇಕು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆಧಾರ ಕೇಳುವ ಹಕ್ಕು ನಮಗಿದೆ, ಕೇಳೋಣ. ಮಕ್ಕಳ ಆಟಿಕೆಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯ. ಮರದ ಆಟಿಕೆಯಾದರೂ ಆ ಗುರುತು ನೋಡಿಯೇ ತೆಗೆದುಕೊಳ್ಳಿ. ಮಗು ಮೊದಲು ಬಾಯಿಗೆ ಹಾಕುವುದು ಬಣ್ಣವನ್ನು.

ನಮ್ಮ ಊರಿನದ್ದು ಅನ್ನುವ ಪ್ರೀತಿಯಲ್ಲೂ ಸ್ವಲ್ಪ ಎಚ್ಚರ ಬೇಕು. ಅಡಿಕೆ ಹಾಳೆ ನಮ್ಮ ಹೆಮ್ಮೆ. ಹಾಳೆಯ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸಿಕೊಂಡು ಬೆಳೆದವರು ನಾವು. ಆದರೆ 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಳೆ ತಟ್ಟೆಗಳ ಆಮದಿಗೆ ತಡೆ ಹಾಕಿತು. ಅಡಿಕೆ ಮರದಲ್ಲಿರುವ ಅಲ್ಕಲಾಯ್ಡ್ ಎಂಬ ರಾಸಾಯನಿಕ ಊಟಕ್ಕೆ ಸೇರಬಹುದು ಎಂಬುದು ಅವರ ಆತಂಕ. ಇದರಿಂದ ನಮ್ಮ ಕಡೆಯ ಸಣ್ಣ ಉದ್ಯಮಗಳಿಗೆ ಪೆಟ್ಟು ಬಿದ್ದದ್ದು ನನಗೂ ಬೇಸರವೇ. ಆದರೂ ಮಗುವಿನ ದಿನದ ಊಟಕ್ಕೆ ನಾನು ಇಡುವುದು ಸ್ಟೀಲ್ ತಟ್ಟೆ, ನಾಮಕರಣದ ಊಟಕ್ಕೆ ಬಾಳೆ ಎಲೆ. ಎರಡರಲ್ಲೂ ಕಸದ ಚಿಂತೆಯಿಲ್ಲ. ಹಾಲು ಕುಡಿಸಲು ಬಾಟಲಿಗಿಂತ ಸ್ಟೀಲಿನ ಒಳಲೆ ಒಳ್ಳೆಯದು. ತೊಳೆಯಲು ಮೂಲೆ ಮುಡುಕು ಇಲ್ಲ, ಮೂರು ತಲೆಮಾರಿಗೂ ಅದೇ ಸಾಕು.

ಬಟ್ಟೆ ಒಗೆಯಲು ಅಂಟುವಾಳ ಆಗುತ್ತದಾ ಅಂತ ತುಂಬ ಜನ ಕೇಳುತ್ತಾರೆ. ರೇಷ್ಮೆಗೆ, ಉಣ್ಣೆಗೆ ಚೆನ್ನಾಗಿರುತ್ತದೆ. ಮಗುವಿನ ಮಲದ ಕಲೆಗೆ ಅದರ ಶಕ್ತಿ ಸಾಲದು. ಅದಕ್ಕೆ ಸಾಮಾನ್ಯ ಸೋಪನ್ನೇ ಹದವಾಗಿ ಬಳಸಿ, ಬಿಸಿಲು ಕಂಡ ದಿನ ಅಂಗಳಕ್ಕೆ ಹಾಕಿ.

ತಾಯಂದಿರಿಗೇ ಸಂಬಂಧಪಟ್ಟ ಒಂದು ಮಾತು ಉಳಿದಿದೆ. ಮುಟ್ಟಿನ ಕಪ್, ಅಂದರೆ ಒಳಗೆ ಇಟ್ಟುಕೊಂಡು ಮುಟ್ಟಿನ ಸ್ರಾವ ಹಿಡಿಯುವ ಮೆತ್ತನೆಯ ಸಣ್ಣ ಕಪ್. ಮಳೆಗಾಲದ ಕರಾವಳಿಗೆ ಇದಕ್ಕಿಂತ ಸರಿಹೊಂದುವ ವಸ್ತು ನನಗೆ ಕಂಡಿಲ್ಲ. ಒಣಗಿಸುವ ರಗಳೆಯೇ ಇಲ್ಲ. ಕುದಿಸಿ ಇಟ್ಟರೆ ಆಯಿತು, ವರ್ಷಗಟ್ಟಲೆ ಬರುತ್ತದೆ. ಕರ್ನಾಟಕ ಸರ್ಕಾರ 'ಮೈತ್ರಿ' ಮುಟ್ಟಿನ ಕಪ್ ಯೋಜನೆಯ ಪ್ರಯೋಗಕ್ಕೆ ಆರಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮ ದಕ್ಷಿಣ ಕನ್ನಡವೂ ಒಂದು. ಆದರೆ ಹೆರಿಗೆಯಾದ ಕೂಡಲೇ ಬಳಸಬಾರದು. ಬಾಣಂತನದ ಸ್ರಾವ ಪೂರ್ತಿ ನಿಂತು, ಡಾಕ್ಟರ್ ಆಗಬಹುದು ಅಂದ ಮೇಲೆಯೇ. ಅಲ್ಲಿಯವರೆಗೆ ಪ್ಯಾಡ್ ಬಳಸಿ, ಅದರ ಬಗ್ಗೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನನ್ನ ಮಗಳ ಹತ್ತಿ ಚೌಕಗಳು, ಸಣ್ಣ ಸೈಜಿನ ಕವರ್‌ಗಳು ಒಗೆದು ಬಿಸಿಲಿಗೆ ಹಾಕಿ ಮಡಚಿಟ್ಟದ್ದು ಹಾಗೇ ಇವೆ. ಬಟ್ಟೆ ಒಣಗಿಸುವ ಸ್ಟ್ಯಾಂಡ್ ಕೂಡ ಇದೆ. ಉಡುಪಿ ಹತ್ತಿರ ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ. ಮಳೆ ಹಿಡಿಯುವ ಮೊದಲು ಬಂದು ತೆಗೆದುಕೊಂಡು ಹೋಗಿ. ಸಾಧ್ಯವಾದರೆ ಗಂಡನನ್ನೂ ಕರೆದುಕೊಂಡು ಬನ್ನಿ, ಮಡಚುವುದು ಹೇಗೆ ಅಂತ ನಮ್ಮವರು ತೋರಿಸಿಕೊಡುತ್ತಾರೆ.