ವಿದೇಶಾಂಗ ಇಲಾಖೆಯ ಮನೆ ಅಳಿಯ

ನನ್ನ ಪಾಸ್‌ಪೋರ್ಟಿನ ಬಣ್ಣ ಮರೂನ್, ಅಂದರೆ ಡಿಪ್ಲೊಮ್ಯಾಟರಿಗೂ ಅವರ ಮನೆಯವರಿಗೂ ಸರ್ಕಾರ ಕೊಡುವಂಥದ್ದು. ಇದನ್ನು ನೋಡಿದ ಮೇಲೆ ಸಾಗರದ ಚಿಕ್ಕಪ್ಪ ನನ್ನನ್ನು ದೊಡ್ಡ ಕುಳ ಅಂತ ಊರೆಲ್ಲ ಸಾರಿಕೊಂಡು ಬಂದಿದ್ದಾರೆ. ವಿಷಯ ಏನೆಂದರೆ, ಡಿಪ್ಲೊಮ್ಯಾಟ್ ನಾನಲ್ಲ, ನನ್ನ ಹೆಂಡತಿ. ಯುಪಿಎಸ್‌ಸಿ ಬರೆದವಳು ಅವಳು. ಮಸ್ಸೂರಿಯ ಚಳಿಯಲ್ಲಿ ಬೆಳಗಿನ ಪಿ.ಟಿ. ಮಾಡಿದವಳು ಅವಳು. ದೆಹಲಿಯಲ್ಲಿ ತರಬೇತಿ ಮುಗಿಸಿ, ಪಾಲಿಗೆ ಬಂದ ವಿದೇಶಿ ಭಾಷೆಯಲ್ಲಿ ಪಾಸಾಗಿ, ಥರ್ಡ್ ಸೆಕ್ರೆಟರಿಯಿಂದ ಒಂದೊಂದೇ ಮೆಟ್ಟಿಲು ಹತ್ತಿದವಳೂ ಅವಳೇ. ನನ್ನ ಅರ್ಹತೆ ತಾಳಿ ಕಟ್ಟಿದ್ದು, ಅಷ್ಟೇ.

ಈಗ ಯಾವ ದೇಶದಲ್ಲಿದ್ದೇವೆ ಅಂತ ಹೇಳುವುದಿಲ್ಲ. ಹೇಳಿದರೆ ಎರಡು ದೇಶಗಳ ಸಂಬಂಧ ಕೆಡದಿದ್ದರೂ ನಮ್ಮಿಬ್ಬರದ್ದು ಕೆಡುತ್ತೆ.

ನನ್ನಂಥ ಗಂಡಂದಿರ ತಳಿ ಬೆಳೆದಿದ್ದಕ್ಕೆ ಕೊಡಗಿನ ಸಿ.ಬಿ. ಮುತ್ತಮ್ಮನವರೇ ಕಾರಣ. ವಿರಾಜಪೇಟೆಯಲ್ಲಿ ಹುಟ್ಟಿದವರು. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. 1970ರಲ್ಲಿ ಹಂಗರಿಗೆ ರಾಯಭಾರಿಯಾದರು. ಆಗಿನ ನಿಯಮ ಕೇಳಿ. ಸೇವೆಯಲ್ಲಿರುವ ಹೆಂಗಸು ಮದುವೆ ಆಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಬೇಕು. ಆದಮೇಲೆ ಸಂಸಾರದಿಂದ ಕೆಲಸ ಕೆಡ್ತಿದೆ ಅಂತ ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಗಂಡಸರಿಗೆ ಇದ್ಯಾವುದೂ ಇಲ್ಲ! ಬಡ್ತಿ ತಪ್ಪಿಸಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಸಂಸಾರದ ತಾಪತ್ರಯ ಗಂಡಸಿಗೂ ಬರಬಹುದಲ್ಲ ಅಂತ ಸರಿಯಾಗಿ ಬಿಸಿ ಮುಟ್ಟಿಸಿದರು. ಆ ನಿಯಮಗಳು ಹೋದವು. ಈಗ ಅನುಮತಿ ಕೇಳುವ ಸರದಿ ನಮ್ಮದು. ನಾನಿಲ್ಲಿ ಸಂಬಳಕ್ಕೆ ಕೆಲಸ ಮಾಡಬೇಕಾದರೆ ಈ ದೇಶದ ಸರ್ಕಾರ ಒಪ್ಪಬೇಕು. ಪಿಯು ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವನು ಸದ್ಯಕ್ಕೆ ದೋಬಿ ಲೆಕ್ಕ ಬರೆಯುತ್ತಿದ್ದೇನೆ.

ಜನರನ್ನು ಮನೆಗೆ ಕರೆದು ಊಟ ಹಾಕುವುದೂ ಡಿಪ್ಲೊಮ್ಯಾಟ್ ಕೆಲಸದ ಭಾಗವೇ. ನಮ್ಮಲ್ಲಿಗೆ ಬಂದವರು ಬಾಗಿಲಲ್ಲಿ ನನ್ನ ಕೈ ಕುಲುಕಿ, ಕೋಟನ್ನು ಅವಳ ಕೈಗೆ ಕೊಡುತ್ತಾರೆ. ಹೋದ ಚಳಿಗಾಲದಲ್ಲಿ ಒಬ್ಬ ದಪ್ಪ ಮೀಸೆಯ ಅಧಿಕಾರಿ ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ ಅಕ್ಕಿ ಆಮದಿನ ಬಗ್ಗೆ ಗುಟ್ಟಾಗಿ ಏನೇನೋ ಹೇಳಿದರು. ನನ್ನ ಕಣ್ಣೆಲ್ಲ ಅವರ ತಟ್ಟೆಯ ಮೇಲೆ. ಕೋಸಂಬರಿಯ ಹೆಸರುಬೇಳೆಯನ್ನು ಅವರು ಫೋರ್ಕಿನಲ್ಲಿ ಒಂದೊಂದಾಗಿ ಚುಚ್ಚಲು ನೋಡುತ್ತಿದ್ದರು. ಬೇಳೆ ಸಿಡಿದು ಕಾರ್ಪೆಟ್ ಮೇಲೆ ಬೀಳುತ್ತಿತ್ತು, ಮಾತು ಮಾತ್ರ ನಿಲ್ಲಲಿಲ್ಲ. ನಾನು ನಮ್ಮ ಕಡೆಯವರೆಲ್ಲ ಮಾಡುವ ಹಾಗೆ ತಲೆ ಅಲ್ಲಾಡಿಸಿದೆ. ಅತ್ತ ಹೌದೂ ಅಲ್ಲ, ಇತ್ತ ಇಲ್ಲವೂ ಅಲ್ಲ. ಅವರು ಖುಷಿಯಾಗಿ ಹೊರಟರು.

ರಾತ್ರಿ ಪಾತ್ರೆ ಎತ್ತಿಡುವಾಗ ಹೆಂಡತಿ ಕೇಳಿದಳು, "ರೀ, ಅವರಿಗೆ ಏನಂತ ಒಪ್ಪಿಕೊಂಡ್ರಿ?"

"ಏನೂ ಇಲ್ಲ. ಸುಮ್ನೆ ತಲೆ ಆಡಿಸಿದೆ."

ಸ್ವಲ್ಪ ಹೊತ್ತು ಯೋಚಿಸಿದಳು. "ಒಳ್ಳೇದಾಯ್ತು ಬಿಡಿ. ನಾನಾಗಿದ್ರೂ ಅಷ್ಟೇ ಮಾಡ್ತಿದ್ದೆ."

ಊರಿನವರ ಕಾಟ ಬೇರೆ. ಅಮೆರಿಕದ ವೀಸಾ ಕೊಡಿಸು ಅಂತಾರೆ. ಭಾರತದ ಡಿಪ್ಲೊಮ್ಯಾಟ್ ಕೊಡಬಹುದಾದದ್ದು ಭಾರತದ ವೀಸಾ ಅಂದರೆ, "ನಮಗೆ ಅದೆಂತಕ್ಕೆ?" ಅಂತಾರೆ. ನ್ಯಾಯವೇ.

ರಾಯಭಾರ ಕಚೇರಿಯ ಕಾಗದಪತ್ರ ಸಾಗಿಸುವ ಡಿಪ್ಲೊಮ್ಯಾಟಿಕ್ ಬ್ಯಾಗ್ ವಿಷಯವನ್ನು ಚಿಕ್ಕಪ್ಪನ ಕಿವಿಗೆ ಯಾರು ಹಾಕಿದರೋ ಕಾಣೆ. "ಆ ಚೀಲ ಯಾರೂ ಬಿಚ್ಚೋ ಹಾಗಿಲ್ವಂತಲ್ಲ ಮಾರಾಯ, ಒಂದು ಡಬ್ಬಿ ಅಪ್ಪೆಮಿಡಿ ಹಾಕಿಸಿಬಿಡು" ಅಂತ ಫೋನು. ದೇಶದೇಶಗಳ ರಾಯಭಾರ ಸಂಬಂಧಕ್ಕೆ ನಿಯಮ ಹಾಕಿದ 1961ರ ವಿಯೆನ್ನಾ ಒಪ್ಪಂದದ 27ನೇ ವಿಧಿ ಚೀಲ ಬಿಚ್ಚಬಾರದು ಅನ್ನುತ್ತೆ, ನಿಜ. ಅದರೊಳಗೆ ಕಚೇರಿಯ ಕಾಗದಪತ್ರ, ಕಚೇರಿ ಬಳಕೆಯ ಸಾಮಾನು ಮಾತ್ರ ಇರಬೇಕು ಅಂತಲೂ ಅನ್ನುತ್ತೆ. "ಹಾಗಾದ್ರೆ ಉಪ್ಪಿನಕಾಯಿ ಕಚೇರಿಯಲ್ಲೇ ತಿಂದರಾಯ್ತು" ಅಂತ ಚಿಕ್ಕಪ್ಪನ ತೀರ್ಪು. ಇವರು ವಿಯೆನ್ನಾದಲ್ಲಿ ಇರಬೇಕಿತ್ತು.

ಅಂತೂ ಡಬ್ಬಿ ನನ್ನ ಸೂಟ್‌ಕೇಸಿನಲ್ಲೇ ಬಂತು. ಚಿಕ್ಕಮ್ಮ ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಕವರ್ ಹಾಕಿ, ಮೇಲೆ ಹಳೇ ಪಂಚೆ ಬಿಗಿದಿದ್ದರು. ಅಷ್ಟನ್ನೂ ದಾಟಿ ರಸ ನೇರ ನನ್ನ ಕಪ್ಪು ಬಂದ್‌ಗಲಾ ಕೋಟಿಗೆ ಇಳಿದಿತ್ತು. ಡ್ರೈ ಕ್ಲೀನಿಂಗಿಗೆ ಕೊಟ್ಟರೆ ಕಲೆ ಹೋಯಿತು, ಸಾಸಿವೆ ಮತ್ತು ಮಿಡಿಯ ಘಮ ಉಳಿಯಿತು. ಜನವರಿ 26ರ ಔತಣಕೂಟಕ್ಕೆ ಅದನ್ನೇ ತೊಟ್ಟು ನಿಂತೆ. ಹತ್ತಿರ ಬಂದ ವಿದೇಶಿ ಅತಿಥಿಗಳು ಮೂಗು ಅರಳಿಸಿ, ಊಟ ಯಾವ ಕಡೆ ಅಂತ ನನ್ನನ್ನೇ ಕೇಳುತ್ತಿದ್ದರು.

ಇಲ್ಲಿ ಡಿಪ್ಲೊಮ್ಯಾಟರ ಹೆಂಡತಿಯರದ್ದೊಂದು ಸಂಘವಿದೆ. ಕಾಗದದ ಮೇಲೆ ಅದು 'ಸಂಗಾತಿಗಳ' ಸಂಘ. ಕಾಫಿಗೆ ಬರುವ ಗಂಡಸು ನಾನೊಬ್ಬನೇ, ಹಾಗಾಗಿ ಕುರ್ಚಿ ಎತ್ತಿಡುವ ಖಾತೆ ಕಾಯಂ. ಮುಂದಿನ ತಿಂಗಳು ಅವರ ಮೇಳ. ಒಂದೊಂದು ದೇಶದವರು ತಮ್ಮ ಉಡುಪು ಉಡಿಸಿ ತೋರಿಸಬೇಕು. ಭಾರತದ ಪಾಲಿಗೆ ಸೀರೆ. ಉಡಿಸುವವನು ನಾನು.

"ಅವತ್ತು ನಂಗೆ ಮೀಟಿಂಗ್ ಇದೆ. ದೇಶದ ಮರ್ಯಾದೆ ಪ್ರಶ್ನೆ ರೀ" ಅಂದಳು ಹೆಂಡತಿ.

ಈಗ ದಿನಾ ಯೂಟ್ಯೂಬ್ ಹಚ್ಚಿಕೊಂಡು ನಡುಮನೆಯ ಕಂಬಕ್ಕೆ ಇಳಕಲ್ ಸೀರೆ ಉಡಿಸುತ್ತಿದ್ದೇನೆ. ನೆರಿಗೆ ಪರವಾಗಿಲ್ಲ. ಸೆರಗು ಮಾತ್ರ ನಿಲ್ತಾ ಇಲ್ಲ.