ಗೋಡೆ ಮೇಲಿನ ಯಜಮಾನರು

ಸಂಜೆ ಏಳೂಮುಕ್ಕಾಲು. ಮೈಮೇಲೆ ಕಂಬಳಿ, ಕಾಲಿಗೆ ಎರಡು ಜೊತೆ ಸಾಕ್ಸ್. ನಾನು ನಮ್ಮ ಮನೆಯ ಪ್ಯಾಸೇಜಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು ಎರಡೂ ಕೈ ಮೇಲೆತ್ತಿ ಆಡಿಸುತ್ತಿದ್ದೆ. ನೋಡಿದವರಿಗೆ, ನೀರಲ್ಲಿ ಮುಳುಗುತ್ತಿರುವವನೊಬ್ಬ ದಡದಲ್ಲಿದ್ದವರನ್ನು ಕೂಗುತ್ತಿದ್ದಾನೆ ಅನ್ನಿಸಬೇಕು. ವಿಷಯ ಹೆಚ್ಚುಕಮ್ಮಿ ಅದೇ. ನಾನು ಮನೆಯಲ್ಲಿದ್ದೇನೆ, ಇನ್ನೂ ಉಸಿರಾಡುತ್ತಿದ್ದೇನೆ ಅಂತ ಮನೆಯ ಕಾವು ಏರಿಸಿ ಇಳಿಸುವ, ಗೋಡೆ ಮೇಲಿನ ಥರ್ಮೋಸ್ಟಾಟ್‌ಗೆ ತಿಳಿಸಬೇಕಿತ್ತು.

ಅದಕ್ಕೆ ಬುದ್ಧಿ ಇದೆ. ಬುದ್ಧಿ ಇದೆ ಅಂತಲೇ ತಂದು ಹಾಕಿದ್ದು. ಮನೆಯಲ್ಲಿ ಯಾರಾದರೂ ಓಡಾಡುತ್ತಿದ್ದಾರಾ ಅಂತ ಅದು ಸೆನ್ಸರ್‌ನಿಂದ ನೋಡುತ್ತಲೇ ಇರುತ್ತದೆ. ಯಾರೂ ಸುಳಿಯದಿದ್ದರೆ ಮನೆ ಖಾಲಿ ಅಂತ ತಿಳಿದು ಕಾವು ಇಳಿಸುತ್ತದೆ. ಖಾಲಿ ಮನೆಯನ್ನು ಬಿಸಿ ಮಾಡಿ ಏನು ಪ್ರಯೋಜನ, ಅಲ್ವಾ? ಒಪ್ಪತಕ್ಕ ಮಾತೇ. ತೊಂದರೆ ಏನಂದರೆ ಅದು ಕೂತಿರುವುದು ಪ್ಯಾಸೇಜಿನಲ್ಲಿ, ನಾವು ಕೂರುವುದು ಒಳಗಿನ ರೂಮಿನಲ್ಲಿ. ಪುಸ್ತಕ ಓದುವ ಮನುಷ್ಯ ಅದರ ಲೆಕ್ಕದಲ್ಲಿ ಇಲ್ಲ. ನಿದ್ದೆ ತೂಗುವವನೂ ಇಲ್ಲ. ಹೀಗಾಗಿ ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ ಹಾಜರಿ ಹಾಕಿ ಬರಬೇಕು. ಮೂವತ್ತು ವರ್ಷ ಆಫೀಸಿನಲ್ಲಿ ಹಾಜರಿ ಹಾಕಿದವನು ನಾನು. ನಿವೃತ್ತನಾದ ಮೇಲೆ ಸ್ವಂತ ಮನೆಯಲ್ಲಿ ಮುಂದುವರಿಸುತ್ತಿದ್ದೇನೆ.

"ರೀ, ಕಾಲು ಮರಗಟ್ತಾ ಇದೆ. ಹೋಗಿ ಒಂದ್ಸಲ ಕೈ ಆಡಿಸಿ ಬನ್ನಿ" ಅನ್ನುತ್ತಾಳೆ ನನ್ನ ಹೆಂಡತಿ. ಮದುವೆಯಾದ ಹೊಸದರಲ್ಲಿ ಇಂಥ ಮಾತು ಕೇಳುತ್ತೇನೆ ಅಂತ ಅಂದುಕೊಂಡಿರಲಿಲ್ಲ.

ಇದಕ್ಕೆ ಮುಂಚೆ ಅದೇ ಜಾಗದಲ್ಲಿ ದುಂಡನೆಯದೊಂದು ಡಯಲ್ ಇತ್ತು. 1953ರಲ್ಲಿ ಹನಿವೆಲ್ ಕಂಪನಿ ಮಾರಾಟಕ್ಕೆ ಬಿಟ್ಟಿತಲ್ಲ, ಹೆನ್ರಿ ಡ್ರೈಫಸ್ ರೂಪ ಕೊಟ್ಟ ದುಂಡು ಥರ್ಮೋಸ್ಟಾಟ್, ಅದೇ ಜಾತಿಯದು. ಒಮ್ಮೆ ಕುತೂಹಲಕ್ಕೆ ಅದರ ಮುಚ್ಚಳ ಕಿತ್ತು ನೋಡಿದ್ದೆ. ಒಳಗೆ ಇದ್ದದ್ದು ಗಡಿಯಾರದ ಸ್ಪ್ರಿಂಗಿನಂಥ ಒಂದು ಸುರುಳಿ. ಎರಡು ಬೇರೆ ಬೇರೆ ಲೋಹದ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಬೆಸೆದು ಮಾಡಿದ್ದು. ಬಿಸಿಯಾದಾಗ ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಮ್ಮಿ. ಬಿಟ್ಟುಹೋಗುವ ಹಾಗಿಲ್ಲವಾದ್ದರಿಂದ ಎರಡೂ ಸೇರಿ ಬಾಗುತ್ತವೆ. ಸಂಸಾರ ಅಂದರೂ ಇಷ್ಟೇ. ಸುರುಳಿಯ ತುದಿಗೆ ಒಂದು ಪುಟ್ಟ ಗಾಜಿನ ಬುರುಡೆ, ಅದರೊಳಗೆ ಒಂದು ತೊಟ್ಟು ಪಾದರಸ. ಚಳಿಯಾದರೆ ಸುರುಳಿ ಒಂದು ಕಡೆ ವಾಲುತ್ತದೆ, ಪಾದರಸ ಉರುಳಿ ಎರಡು ತಂತಿಗಳನ್ನು ಕೂಡಿಸುತ್ತದೆ, ಕೆಳಗೆ ಮನೆ ಬಿಸಿ ಮಾಡುವ ಬಾಯ್ಲರ್ ಗುರ್ ಅನ್ನುತ್ತದೆ. ಬೆಚ್ಚಗಾದರೆ ಇನ್ನೊಂದು ಕಡೆ ವಾಲುತ್ತದೆ, ಬಾಯ್ಲರ್ ಸುಮ್ಮನಾಗುತ್ತದೆ. ಅಷ್ಟೇ ಅದರ ಬುದ್ಧಿ. ನನ್ನ ಹುಟ್ಟಿದ ತಾರೀಕು ಅದಕ್ಕೆ ಬೇಕಿರಲಿಲ್ಲ. ಪಾಸ್‌ವರ್ಡಿನಲ್ಲಿ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ವಿಚಿತ್ರ ಚಿಹ್ನೆ ಇರಲೇಬೇಕು ಅಂತ ಅದು ಹಟ ಹಿಡಿಯುತ್ತಿರಲಿಲ್ಲ.

ಹೊಸದನ್ನು ಕೂರಿಸಿದ್ದು ಮಗಳು. ರಜೆಗೆ ಬಂದಾಗ ತನ್ನ ಫೋನಿನಿಂದಲೇ ಎಲ್ಲ ಸೆಟ್ ಮಾಡಿ ಹೋದಳು. ನಿಯಮಗಳ ಪುಟ ಬಂತು. ಬೆರಳಲ್ಲಿ ಸರ್ ಅಂತ ಮೇಲಕ್ಕೆ ತಳ್ಳಿ "ಒಪ್ಪಿದೆ" ಒತ್ತಿದಳು. "ಅದರಲ್ಲಿ ಏನಿತ್ತಮ್ಮ?" ಅಂದೆ. "ಅದನ್ನೆಲ್ಲ ಯಾರು ಓದ್ತಾರಪ್ಪಾ" ಅಂದಳು. ಹಳೇ ಡಯಲ್ ಹಳೇ ಬಲ್ಬು, ಹಳೇ ಚಾರ್ಜರುಗಳ ಡಬ್ಬ ಸೇರಿತು.

ಮೊದಲ ಚಳಿಗಾಲದಲ್ಲೇ ಒಂದು ರಾತ್ರಿ ಎಚ್ಚರವಾಯಿತು. ಮೂಗು ಮರಗಟ್ಟಿತ್ತು. ಹೋಗಿ ನೋಡಿದರೆ ಪರದೆ ಮೇಲೆ ಒಂದು ಚಕ್ರ ತಿರುಗುತ್ತಿದೆ. ಸಾಹೇಬರು ಅಪ್‌ಡೇಟ್ ಆಗುತ್ತಿದ್ದಾರೆ. ಹದಿನೈದು ನಿಮಿಷ ಕಾದೆ. ಚಕ್ರ ನಿಂತಿತು, ಹೊಸ ಬಣ್ಣದ ಅಂಕಿಗಳು ಬಂದವು, ಅದರ ಕೆಳಗೆ "ಲಾಗಿನ್ ಆಗಿ" ಅಂತ ಬಂತು. ಕೆಳಗೆ ಬಾಯ್ಲರ್ ಇದೆ, ಗ್ಯಾಸ್ ಇದೆ, ರೇಡಿಯೇಟರ್ ಇದೆ, ಬಿಲ್ ಕಟ್ಟಿಯಾಗಿದೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲಿಲ್ಲ ಅಂತಾರಲ್ಲ, ಆ ಪೂಜಾರಿ ಈಗ ಗೋಡೆ ಮೇಲೆ ಕೂತಿದ್ದಾರೆ.

ಸಹಾಯವಾಣಿಗೆ ಫೋನ್ ಮಾಡಿದೆ. ತುಂಬಾ ಮರ್ಯಾದೆಯ ಹುಡುಗ.

"ಸರ್, ನಿಮ್ಮ ಮನೆ ಆರಾಮಾಗಿದೆ ಅಂತ ನಮ್ಮಲ್ಲಿ ತೋರಿಸ್ತಿದೆ."

"ನಾನು ನಡುಗ್ತಾ ಇದ್ದೀನಲ್ಲಪ್ಪ."

"ಅದು ಇಲ್ಲಿ ಕಾಣ್ತಿಲ್ಲ ಸರ್."

"ಎರಡು ಡಿಗ್ರಿ ಜಾಸ್ತಿ ಮಾಡಿಕೊಡಿ ಸಾಕು."

"ಖಂಡಿತ ಸರ್. ಮನೆಯ ಅಡ್ಮಿನ್ ಯಾರು?"

"ಮನೆ ನನ್ನದು."

"ಅದು ಸರಿ ಸರ್. ಅಡ್ಮಿನ್ ಯಾರು?"

ಅಡ್ಮಿನ್ ಮಗಳು. ಅವಳಿರುವ ದೇಶದಲ್ಲಿ ಆಗ ಹಗಲು. ಫೋನ್ ಮಾಡಿದರೆ ಪಿಸುಮಾತಿನಲ್ಲಿ ಎತ್ತಿಕೊಂಡಳು. "ಅಪ್ಪಾ, ಮೀಟಿಂಗ್‌ನಲ್ಲಿದ್ದೀನಿ. ಎಷ್ಟು ಬೇಕು ಹೇಳು." "ಇಪ್ಪತ್ತೊಂದು" ಅಂದೆ. ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. "ಇಪ್ಪತ್ತು ಸಾಕಲ್ಲಪ್ಪಾ. ಸ್ವೆಟರ್ ಹಾಕ್ಕೊಂಡಿದ್ದೀಯಾ?"

ಚಿಕ್ಕವಳಿದ್ದಾಗ ಆಟಿಕೆ ಕೇಳಿದರೆ ನಾನು ಇದೇ ದನಿಯಲ್ಲಿ ಮಾತಾಡುತ್ತಿದ್ದೆ. ಮಾಡಿದ್ದುಣ್ಣೋ ಮಾರಾಯ.

ಈ ವಸ್ತುವಿನ ಜಾತಕ ಹುಡುಕಿದರೆ ಇನ್ನೂ ತಮಾಷೆ. ವಾರನ್ ಜಾನ್ಸನ್ ಅಂತ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಬ್ಬರು ಮೇಷ್ಟ್ರಿದ್ದರು. ಪಾಠದ ಮಧ್ಯೆ ಜವಾನ ಕ್ಲಾಸಿನೊಳಗೆ ಬಂದು ಚಳಿ ಎಷ್ಟಿದೆ ಅಂತ ನೋಡಿ ಹೋಗುತ್ತಿದ್ದ. ಮೇಷ್ಟ್ರಿಗೆ ಕಿರಿಕಿರಿ. ಕೋಣೆಯ ಕಾವು ಜವಾನನಿಗೆ ಅವನಿದ್ದಲ್ಲೇ ಗೊತ್ತಾಗಲಿ ಅಂತ ವಿದ್ಯುತ್ತಿನ ಒಂದು ಸಾಧನ ಮಾಡಿ 1883ರಲ್ಲಿ ಪೇಟೆಂಟ್ ತೆಗೆದುಕೊಂಡರು. ಅಂದರೆ ನಡುವೆ ಬಂದು ಯಾರೂ ತಲೆ ತಿನ್ನಬಾರದು ಅಂತಲೇ ಹುಟ್ಟಿದ ವಸ್ತು ಇದು. ಅದರ ಮರಿಮೊಮ್ಮಗ ನನಗೆ ದಿನಕ್ಕೆ ಆರು ನೋಟಿಫಿಕೇಶನ್ ಕಳಿಸುತ್ತಾನೆ. ನಿಮ್ಮ ಫಿಲ್ಟರ್ ಹಳೆಯದಾಗಿದೆ. ಈ ವಾರ ನೆರೆಹೊರೆಯವರಿಗಿಂತ ಜಾಸ್ತಿ ಉಳಿಸಿದ್ದೀರಿ, ಅಭಿನಂದನೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ? ಆ ಕಾಲದ ಜವಾನ ಬಂದು ನೋಡಿ ಸುಮ್ಮನೆ ಹೋಗುತ್ತಿದ್ದ. ಸ್ಟಾರ್ ಕೇಳುತ್ತಿರಲಿಲ್ಲ.

ಉಳಿತಾಯ ಸುಳ್ಳಲ್ಲ, ಅದನ್ನು ಹೇಳಿಬಿಡುತ್ತೇನೆ. ಇಂಥ ಬುದ್ಧಿವಂತ ಥರ್ಮೋಸ್ಟಾಟ್ ಇದ್ದರೆ ಹೀಟಿಂಗ್ ಮತ್ತು ಕೂಲಿಂಗ್ ಖರ್ಚಿನಲ್ಲಿ ಸರಾಸರಿ ಶೇ. 8ರಷ್ಟು ಉಳಿಯುತ್ತದೆ ಅಂತ ಇಂಧನ ಉಳಿಸುವ ಉಪಕರಣಗಳಿಗೆ ಲೇಬಲ್ ಕೊಡುವ ಅಮೆರಿಕದ ಸರ್ಕಾರಿ ಯೋಜನೆ ಎನರ್ಜಿ ಸ್ಟಾರ್‌ನವರ ಲೆಕ್ಕ. ಟೈಮ್ ಹಾಕಿಡುವ ಹಿಂದಿನ ತಲೆಮಾರಿನ ಪ್ರೋಗ್ರಾಂ ಥರ್ಮೋಸ್ಟಾಟ್‌ಗಳನ್ನು ಜನ ಸರಿಯಾಗಿ ಬಳಸುತ್ತಲೇ ಇರಲಿಲ್ಲ. ಉಳಿತಾಯ ಕಾಣುತ್ತಿಲ್ಲ ಅಂತ ಅವುಗಳಿಗೆ ಕೊಡುತ್ತಿದ್ದ ಲೇಬಲ್ಲನ್ನು ಅದೇ ಎನರ್ಜಿ ಸ್ಟಾರ್‌ನವರು 2009ರಲ್ಲಿ ನಿಲ್ಲಿಸಿದರು. ಮನುಷ್ಯ ಸೋಮಾರಿ, ಯಂತ್ರವೇ ನೋಡಿಕೊಳ್ಳಲಿ ಅನ್ನುವ ತೀರ್ಮಾನಕ್ಕೆ ಕಾರಣ ಇತ್ತು. ಯಂತ್ರ ನೋಡಿಕೊಳ್ಳಲಿ, ಬೇಡ ಅಂದವರು ಯಾರು? ನೋಡಿಕೊಳ್ಳಲು ಬಂದವರು ಮನೆಯ ಬೀಗದ ಕೈಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ನನ್ನ ತಕರಾರು.

ಅಮೆರಿಕದ ಕೊಲೊರಾಡೊ ರಾಜ್ಯದ ಜನಕ್ಕೆ ಈ ಬೀಗದ ವಿಷಯ 2022ರ ಆಗಸ್ಟ್‌ನಲ್ಲಿ ಗೊತ್ತಾಯಿತು. ಅದು ಚಳಿಯ ಕಥೆಯಲ್ಲ, ಸೆಕೆಯದು. ಎಕ್ಸೆಲ್ ಎನರ್ಜಿ ಅನ್ನುವ ವಿದ್ಯುತ್ ಕಂಪನಿಯ ಸುಮಾರು 22,000 ಗ್ರಾಹಕರು ಎಸಿ ಜಾಸ್ತಿ ಮಾಡೋಣ ಅಂತ ಹೋದರೆ ಥರ್ಮೋಸ್ಟಾಟ್ ಮಾತೇ ಕೇಳಲಿಲ್ಲ. ವಿದ್ಯುತ್ತಿಗೆ ತುರ್ತು ಪರಿಸ್ಥಿತಿ, ಬದಲಾಯಿಸುವ ಹಾಗಿಲ್ಲ ಅಂತ ಗಂಟೆಗಟ್ಟಲೆ ಬೀಗ. ಕೆಲವು ಮನೆಗಳ ಒಳಗೆ 88 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 31 ಸೆಲ್ಸಿಯಸ್. ಜನ ಬೈದರು. ನೀವಾಗಿಯೇ ಸೇರಿದ ಯೋಜನೆ ಅಲ್ಲವೇ ಅಂದಿತು ಕಂಪನಿ. ಅದೂ ನಿಜ. ಸೇರಿದ್ದಕ್ಕೆ 100 ಡಾಲರ್, ಆಮೇಲೆ ವರ್ಷಕ್ಕೆ 25 ಡಾಲರ್ ಬಿಲ್ಲಿನಲ್ಲಿ ಕಮ್ಮಿಯಾಗುತ್ತಿತ್ತು. ಆ ಇಪ್ಪತ್ತೈದು ಡಾಲರಿಗೆ ಮಾರಿದ್ದು ಏನನ್ನು ಅಂತ ಆ ಮಧ್ಯಾಹ್ನ ಬೆವರು ಒರೆಸಿಕೊಳ್ಳುವಾಗ ತಿಳಿದಿರಬೇಕು.

ಎಲ್ಲರೂ ಒಂದೇ ಹೊತ್ತಿಗೆ ಸ್ವಿಚ್ ಹಾಕಿದರೆ ಗ್ರಿಡ್ಡಿಗೆ ಕಷ್ಟ, ನಾಲ್ಕು ಮನೆಯವರು ಸ್ವಲ್ಪ ಹೊಂದಿಕೊಂಡರೆ ಹೆಚ್ಚಿನ ವಿದ್ಯುತ್ ತಯಾರಿಸುವುದು ತಪ್ಪುತ್ತದೆ. ಗೊತ್ತು. ನನ್ನನ್ನು ಕೇಳಿದ್ದರೆ ಇನ್ನೊಂದು ಕಂಬಳಿ ಹೊದ್ದುಕೊಂಡು ಹೂಂ ಅನ್ನುತ್ತಿದ್ದೆ. ಕೇಳುವ ಪದ್ಧತಿ ಇಲ್ಲ, ಬಹುಮಾನ ಕೊಡುವ ಪದ್ಧತಿ ಇದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಗಾದೆ ಕಟ್ಟಿದವರು ಥರ್ಮೋಸ್ಟಾಟ್ ನೋಡದೆ ಹೇಗೆ ಕಟ್ಟಿದರೋ!

ಮನೆಯ ಕಾವಿನ ಹಿಂದೆ ಎಷ್ಟು ದುಡ್ಡು ಓಡಾಡುತ್ತದೆ ನೋಡಿ. ನೆಸ್ಟ್ ಕಂಪನಿ ಮನೆಯವರ ಅಭ್ಯಾಸ ನೋಡಿ ತಾನೇ ಕಲಿಯುವ ಥರ್ಮೋಸ್ಟಾಟ್ ತಂದದ್ದು 2011ರಲ್ಲಿ. ಮೂರು ವರ್ಷ ಆಗುವುದರೊಳಗೆ ಗೂಗಲ್ ಅದನ್ನು 320 ಕೋಟಿ ಡಾಲರಿಗೆ ಕೊಂಡಿತು. ಅಷ್ಟು ದುಡ್ಡಿನ ಬುದ್ಧಿಗೂ 2016ರ ಜನವರಿಯಲ್ಲಿ, ಸರಿಯಾಗಿ ಚಳಿಗಾಲದಲ್ಲೇ, ತಲೆ ತಿರುಗಿತು. ಒಂದು ಅಪ್‌ಡೇಟಿನ ದೋಷದಿಂದ ಬ್ಯಾಟರಿ ಬರಿದಾಗಿ ಮನೆಗಳು ತಣ್ಣಗಾದವು. ಜನ ನಡುಗುವ ಕೈಯಲ್ಲಿ ಅದನ್ನು ಗೋಡೆಯಿಂದ ಕಿತ್ತು, ಫೋನಿಗೆ ಮಾಡುವ ಹಾಗೆ ಯುಎಸ್‌ಬಿ ಕೇಬಲ್ ಚುಚ್ಚಿ ಚಾರ್ಜ್ ಮಾಡಬೇಕಾಯಿತು. ಮನೆಯನ್ನು ಬೆಚ್ಚಗಿಡಬೇಕಾದ ಸಾಧನಕ್ಕೆ ಆರೈಕೆ ಮಾಡುವ ಯೋಗ.

ಅದೇ ವರ್ಷದ ಕೊನೆಯಲ್ಲಿ ಫಿನ್ಲೆಂಡಿನ ಲಪ್ಪೇನ್‌ರಂತಾ ಊರಿನಲ್ಲಿ ಎರಡು ವಸತಿ ಕಟ್ಟಡಗಳ ಹೀಟಿಂಗ್ ನೋಡಿಕೊಳ್ಳುವ ಕಂಪ್ಯೂಟರಿಗೆ ಯಾರೋ ಇಂಟರ್ನೆಟ್ಟಿನಿಂದ ಕಸದ ಸಂದೇಶಗಳ ಮಳೆ ಸುರಿಸಿದರು. ಅದು ಗಾಬರಿಯಾಗಿ ತನ್ನನ್ನು ತಾನೇ ರೀಸ್ಟಾರ್ಟ್ ಮಾಡಿಕೊಂಡಿತು. ಮತ್ತೆ ಮಾಡಿಕೊಂಡಿತು. ಮಾಡಿಕೊಳ್ಳುತ್ತಲೇ ಇತ್ತು. ಆ ಗಡಿಬಿಡಿಯಲ್ಲಿ ಬಾಡಿಗೆಯವರನ್ನು ಬೆಚ್ಚಗಿಡುವ ಕೆಲಸ ಮರೆತೇಹೋಯಿತು. ಪಾದರಸದ ತೊಟ್ಟಿಗೆ ಯಾರಾದರೂ ಸಂದೇಶ ಕಳಿಸಿ ಹೆದರಿಸಲಿ ನೋಡೋಣ.

ನನಗೆ ಬಹಳ ಹಿಡಿಸಿದ ಸುದ್ದಿ ಮಾತ್ರ 2025ರದ್ದು. ನೆಸ್ಟ್‌ನ ಮೊದಲ ಎರಡು ತಲೆಮಾರಿನ ಥರ್ಮೋಸ್ಟಾಟ್‌ಗಳ ಬೆಂಬಲವನ್ನು ಗೂಗಲ್ ಅಕ್ಟೋಬರ್ 25ಕ್ಕೆ ನಿಲ್ಲಿಸಿತು. ಆಪ್ ಇಲ್ಲ, ಅಪ್‌ಡೇಟ್ ಇಲ್ಲ. ಇನ್ನು ಮುಂದೆ ಗೋಡೆ ಹತ್ತಿರ ಹೋಗಿ ಕೈಯಿಂದಲೇ ತಿರುಗಿಸಿಕೊಳ್ಳಿ! ಕೊಂಡವರು ಸಿಟ್ಟಾದರು, ದುಡ್ಡು ಕೊಟ್ಟವರು, ಆಗಬೇಕಾದ್ದೇ. ನನಗೆ ಮಾತ್ರ ಹೊಟ್ಟೆಕಿಚ್ಚಾಯಿತು. ಚಳಿಯಾದರೆ ಗೋಡೆ ಹತ್ತಿರ ಹೋಗಿ ಕೈಯಿಂದ ತಿರುಗಿಸುವುದು! ಅದು ಶಿಕ್ಷೆಯಾದರೆ ನನಗೂ ಒಂದು ಕೊಡಿಸಿ ಅಂತ ಅದೇ ಸಹಾಯವಾಣಿಗೆ ಕೇಳಿದೆ. ನಮ್ಮದು ಹೊಸ ಮಾದರಿ, ಇನ್ನೂ ಬಹಳ ವರ್ಷ ಬೆಂಬಲ ಇದೆ ಸರ್, ಚಿಂತೆ ಮಾಡಬೇಡಿ ಅಂದ ಆ ಹುಡುಗ.

ಆಫೀಸುಗಳ ಒಂದು ಹಳೇ ಗುಟ್ಟು ನನಗೆ ಆಗ ನೆನಪಾಯಿತು. ಕೆಲವು ಆಫೀಸುಗಳ ಗೋಡೆ ಮೇಲೆ ಇರುವ ಥರ್ಮೋಸ್ಟಾಟ್‌ಗೆ ತಂತಿಯೇ ಇರುವುದಿಲ್ಲ. ಒಬ್ಬರಿಗೆ ಸೆಕೆ, ಪಕ್ಕದವರಿಗೆ ಚಳಿ, ದಿನವೂ ಜಗಳ. ಕೊನೆಗೆ ಹೀಟಿಂಗ್ ಕೆಲಸದವರು ಬಂದು ಒಂದು ಡಬ್ಬಿಯನ್ನು ತಿರುಪು ಹಾಕಿ ಕೂರಿಸಿ, ಇಗೋ ನಿಮ್ಮ ಕೈಗೇ ಕೊಟ್ಟಿದ್ದೇವೆ ಅಂತ ಹೇಳಿ ಹೋಗುತ್ತಾರೆ. ತಿರುಗಿಸಿದವರಿಗೆ ಸಮಾಧಾನ. ದೂರು ನಿಲ್ಲುತ್ತದೆ.

ಡಬ್ಬದಿಂದ ಹಳೇ ಡಯಲ್ ಹುಡುಕಿ ತೆಗೆದೆ. ಧೂಳು ಒರೆಸಿದೆ. ಸಾಹೇಬರ ಪಕ್ಕದಲ್ಲೇ ಎರಡು ಸ್ಕ್ರೂ ಹಾಕಿ ಕೂರಿಸಿದೆ. ತಂತಿ ಇಲ್ಲ, ಏನೂ ಇಲ್ಲ, ಬರೀ ಡಯಲ್. "ಇದನ್ನ ಮತ್ತೆ ಹಾಕಿದ್ದೀನಿ ಕಣೇ, ನಿನಗೆ ಬೇಕಾದ ಹಾಗೆ ತಿರುಗಿಸ್ಕೋ" ಅಂದೆ. ಉಳಿದದ್ದು ಹೇಳಲಿಲ್ಲ.

ಅವತ್ತು ಸಂಜೆ ಅವಳೇ ಎದ್ದು ಹೋದಳು. ಪ್ಯಾಸೇಜಿನಲ್ಲಿ ನಿಂತು ಕನ್ನಡಕ ಸರಿಮಾಡಿಕೊಂಡಳು. ಬಗ್ಗಿ ಅಂಕಿ ನೋಡಿ ಡಯಲನ್ನು ನಿಧಾನಕ್ಕೆ ಇಪ್ಪತ್ತೊಂದಕ್ಕೆ ತಿರುಗಿಸಿದಳು. ಪಕ್ಕದ ಸಾಹೇಬರ ಸೆನ್ಸರ್‌ಗೆ ಮನುಷ್ಯರು ಕಂಡರು. ಪರದೆ ಬೆಳಗಿತು, ಮನೆಗೆ ಸ್ವಾಗತ ಅಂದಿತು. ಕೆಳಗೆ ಬಾಯ್ಲರ್ ಗುರ್ ಅಂತು.

"ನೋಡಿದ್ರಾ" ಅಂದಳು ವಾಪಸ್ ಬಂದು ಕಂಬಳಿಯೊಳಗೆ ಕಾಲು ಸೇರಿಸುತ್ತಾ. "ಹಳೇದು ಹಳೇದೇ."